ಕೈ ಆಡಿಸಬೇಡಿ, ಸಿಸ್ಟರ್

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಏನಾದರೊಂದು ನೆವ ಹೇಳಿಕೊಂಡು ಎದ್ದಿದ್ದೇನೆ. ಕನ್ನಡಕ ಸರಿಯಿಲ್ಲ, ಬೆಳಕು ಸಾಲದು, ನಾಳೆ ನೋಡೋಣ. ಕುಳಿತಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಅವರ ಕುತ್ತಿಗೆ. ಎಡಬದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಗಂಟು. ಮಾತಾಡುವಾಗ ಸುಮ್ಮನಿರುತ್ತಿತ್ತು, ನೀರು ಕುಡಿಯುವಾಗ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಬೇರೆಯವರಾದರೆ ಸೆರಗು ಹೊದ್ದು ಮುಚ್ಚುತ್ತಿದ್ದರು. ಅವರು ಮುಚ್ಚಲಿಲ್ಲ. ಮಕ್ಕಳು ಬಿಟ್ಟ ಕಣ್ಣಿನಿಂದ ನೋಡಿದರೆ, "ಮುಟ್ಟಿ ನೋಡು, ಕಚ್ಚುದಿಲ್ಲ" ಎನ್ನುತ್ತಿದ್ದರು.

ಪುತ್ತೂರಿನ ನಮ್ಮ ಅಡ್ಡರಸ್ತೆಯಲ್ಲಿ ಎಲ್ಲರಿಗೂ ಅವರು ಸಿಸ್ಟರ್. ಹೆರಿಗೆ ಮಾಡಿಸುವ ಸರಕಾರಿ ನರ್ಸು. ಗುತ್ತಿಗಾರು, ಮರ್ಕಂಜ, ಕಲ್ಲುಗುಂಡಿ ಎಂದು ಸುಳ್ಯ ತಾಲೂಕಿನಲ್ಲೇ ಸುತ್ತಿ, ನಿವೃತ್ತರಾದ ಮೇಲೆ ನಮ್ಮ ಪಕ್ಕದ ಮನೆಗೆ ಬಂದವರು. ಗಂಡ ಮೊದಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಕಡಬಕ್ಕೆ ಕೊಟ್ಟಿದ್ದರು.

ಹೆರಿಗೆಗೆ ಹೋದ ಮನೆಗಳಲ್ಲಿ ಅಜ್ಜಿಯಂದಿರು ಹಾಡುತ್ತಿದ್ದ ಜೋಗುಳಗಳನ್ನೆಲ್ಲ ಅವರು ಕಿವಿಯಲ್ಲೇ ಹಿಡಿದುಕೊಂಡು ಬಂದಿದ್ದರು. ತುಳುವಿನದು, ಗೌಡರ ಅರೆಭಾಷೆಯದು, ಬ್ಯಾರಿಗಳದು, ಗಡಿಯ ಕಡೆಯ ಮಲಯಾಳದ್ದು. ನಮ್ಮ ರಸ್ತೆಯಲ್ಲಿ ಯಾವ ಮನೆಯ ಮಗು ನಿದ್ದೆ ಮಾಡದೆ ಹಟ ಹಿಡಿದರೂ ತಂದು ಅವರ ಮಡಿಲಿಗೆ ಹಾಕುತ್ತಿದ್ದರು. ಅವರು ಮೊದಲು ಕೇಳುತ್ತಿದ್ದದ್ದು ಹಾಲು ಕುಡಿಯಿತಾ ಎಂದಲ್ಲ, ಮನೆಯಲ್ಲಿ ಯಾವ ಭಾಷೆ ಎಂದು. ಅದರ ಮನೆಯ ಭಾಷೆಯಲ್ಲಿ ಹಾಡದಿದ್ದರೆ ಮಗು ನಿದ್ದೆ ಮಾಡುವುದಿಲ್ಲ ಎಂಬುದು ಅವರ ನಂಬಿಕೆ. ತಾಯಂದಿರು ಗಾಬರಿಯಾದರೆ ಒಂದೇ ಮಾತು: "ಮಗು ಅತ್ತರೆ ಹೆದರ್ಬಾರ್ದು. ಅಳದಿದ್ರೆ ಹೆದರ್ಬೇಕು."

ಒಮ್ಮೆ ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ನಾನೂ ಇದ್ದೆ. ದೊಡ್ಡ ಮೀಸೆಯ ಕಂಡಕ್ಟರ್ ಒಬ್ಬ ಚಿಲ್ಲರೆಗಾಗಿ ಮುದುಕಿಯೊಬ್ಬರ ಮೇಲೆ ಬೊಬ್ಬೆ ಹಾಕುತ್ತಿದ್ದ. ಸಿಸ್ಟರ್ ಅವನ ಮನೆ ಎಲ್ಲಿ, ತಾಯಿ ಯಾರು ಎಂದು ಮೆಲ್ಲಗೆ ವಿಚಾರಿಸಿದರು. ಆಮೇಲೆ ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು: "ಹುಟ್ಟುವಾಗ ಅಳದೆ ನನ್ನ ಜೀವ ತೆಗೆದವ ನೀನೇ ಅಲ್ವಾ? ಬೆನ್ನಿಗೆ ಎರಡು ಕೊಟ್ಟ ಮೇಲೆ ಬಾಯಿ ಬಿಟ್ಟದ್ದು. ಅದನ್ನು ಈಗ ಸ್ವಲ್ಪ ಮುಚ್ಚು ಮಗಾ." ಸುಳ್ಯ ಬರುವವರೆಗೆ ಅವನು ಎಲ್ಲರಿಗೂ ನಗುನಗುತ್ತ ಚಿಲ್ಲರೆ ಕೊಟ್ಟ.

ಕುತ್ತಿಗೆಯ ಗಂಟು ದೊಡ್ಡದಾದಾಗ ಮಂಗಳೂರಿನ ಡಾಕ್ಟರು ಆಪರೇಷನ್ ಆಗಲೇಬೇಕೆಂದರು. ಸ್ವರ ಬದಲಾಗಬಹುದು, ಹೋಗಲೂಬಹುದು ಎಂದೂ ಹೇಳಿದರಂತೆ. ಮಗಳು ಆಗ ಬಸುರಿ. ಆಪರೇಷನ್ನಿನ ನಂತರ ಹೆರಿಗೆ. ಊರಿನ ಮಕ್ಕಳಿಗೆಲ್ಲ ಹಾಡಿದ ಸಿಸ್ಟರ್‌ಗೆ ತನ್ನ ಮೊಮ್ಮಗುವಿಗೆ ಹಾಡಲು ಸ್ವರ ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ನಮ್ಮ ಜಗಲಿಗೆ ಬಂದು ನಿಂತರು.

"ಮೈಕಿನವರೇ, ನಿಮ್ಮ ಕಂಪ್ಯೂಟರಿನಲ್ಲಿ ನನ್ನ ನಾಲ್ಕು ಜೋಗುಳದ ಪದ ಹಿಡಿದು ಇಡ್ಲಿಕ್ಕೆ ಆಗ್ತದಾ? ಹುಟ್ಟುವ ಮಗುವಿಗೆ."

ಆಗದೆ ಏನು, ಎಂದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಜೀವಮಾನವೆಲ್ಲ ಮದುವೆ, ಭೂತದ ಕೋಲ, ಕಬಡ್ಡಿಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವನು ನಾನು. ಅಂಗಡಿ ಮುಚ್ಚಿದ ಮೇಲೆ ನನ್ನ ಮಗಳ ಹಳೆಯ ಲ್ಯಾಪ್‌ಟಾಪಿಗೆ ಹೊಸ ಮೈಕ್ ಜೋಡಿಸಿ, ಭಜನೆ ಹಾಡಿ ವಾಟ್ಸಾಪಿನಲ್ಲಿ ಕಳಿಸುವ ಚಟ ಹಿಡಿದಿತ್ತು. ನನಗೆ ಗೊತ್ತಿಲ್ಲದ ಮೈಕ್ ಇಲ್ಲ ಎಂಬ ಜಂಬವೂ ಇತ್ತು.

ಮೊದಲ ಹಾಡು ಮುಗಿಸಿದಾಗ ಏನೂ ಬಂದಿರಲಿಲ್ಲ. ಬಾವಿಯ ಆಳದಿಂದ ಯಾರೋ ಗುಣುಗಿದ ಹಾಗೆ, ಮೇಲೆ ಫ್ಯಾನಿನ ಸುಯ್ಯೆಂಬ ಸದ್ದು. ಇಯರ್‌ಫೋನ್ ತೆಗೆದು, "ಸ್ವರ ಬರುದಿಲ್ಲ ಸಿಸ್ಟರ್" ಎಂದೆ. ನಮ್ಮಲ್ಲಿ ರೇಡಿಯೋಗೂ ಸ್ವರ, ಮನುಷ್ಯರಿಗೂ ಸ್ವರ. ಅವರು ಕೈಯನ್ನು ಗಂಟಿನ ಮೇಲಿಟ್ಟುಕೊಂಡು, "ಈಗಲೇ ಹೋಯ್ತಾ?" ಎಂದರು. ನಿಮ್ಮದಲ್ಲ, ಮೈಕಿನದು ಎಂದು ನಾನು ನಕ್ಕೆ. ಅವರು ನಗಲಿಲ್ಲ. ಬಿಸಿನೀರು ಕೇಳಿ ಕುಡಿದರು.

ವಯರ್ ಕಿತ್ತು ಮತ್ತೆ ಚುಚ್ಚಿದೆ. ಹಳೆಯ ಅಭ್ಯಾಸದಂತೆ ಮೈಕಿನ ತಲೆಗೆ ಬೆರಳಿನಿಂದ ಹೊಡೆದು ಹಲೋ ಹಲೋ ಎಂದೆ. ಪರದೆಯ ಮೇಲಿನ ಗೆರೆ ಅಲ್ಲಾಡಲಿಲ್ಲ. ಸಿಟ್ಟಿನಲ್ಲಿ ಲ್ಯಾಪ್‌ಟಾಪಿನ ಮೈಗೇ ಒಂದು ಕುಟ್ಟಿದೆ, ಗೆರೆ ನೆಗೆಯಿತು. ಹೊಸ ಮೈಕನ್ನು ಅಲಂಕಾರಕ್ಕೆ ಇಟ್ಟುಕೊಂಡು, ಲ್ಯಾಪ್‌ಟಾಪು ತನ್ನೊಳಗಿನ ಪುಟ್ಟ ಮೈಕಿನಿಂದಲೇ ಕೇಳಿಸಿಕೊಳ್ಳುತ್ತಿತ್ತು. ಯಾವ ಮೈಕ್ ಎಂದು ಆರಿಸುವ ಜಾಗ ಹುಡುಕುವುದರಲ್ಲಿ ಆ ದಿನ ಮುಗಿಯಿತು.

ಮರುದಿನ ಸ್ವರ ಬಂತು, ಜೊತೆಗೆ ಜೇನುನೊಣದ ಹಾಗೆ ಒಂದು ಗುಂಯ್ ಬಂತು. ಚಾರ್ಜರ್ ತೆಗೆದರೆ ಗುಂಯ್ ಹೋಯಿತು. ಆಮೇಲೆ ಸಿಸ್ಟರ್ ಹಾಡಿದರು. ಮೊದಲಿಗೆ ಮರ್ಕಂಜದ ಅಜ್ಜಿಯೊಬ್ಬರು ಕಲಿಸಿದ ಅರೆಭಾಷೆಯ ಜೋಗುಳ. ಕಣ್ಣು ಮುಚ್ಚಿ, ಎಲ್ಲಿಯೂ ತಡೆಯದೆ, ಒಂದರ ಬೆನ್ನಿಗೆ ಒಂದು, ನಾಲ್ಕು ಭಾಷೆಯಲ್ಲಿ. ಅಡುಗೆಮನೆಯಿಂದ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಿದ್ದಳು.

ಕೇಳಿ ನೋಡಿದರೆ ಹಾಡಿನ ಉದ್ದಕ್ಕೂ ದಬ್, ದಬ್ ಎಂಬ ಸದ್ದು. ವಯರ್ ಸಡಿಲವೋ, ಮೈಕ್ ಹಾಳೋ, ಎಲ್ಲಿಯಾದರೂ ಯಾರಾದರೂ ಗೋಡೆಗೆ ಮೊಳೆ ಹೊಡೆಯುತ್ತಿದ್ದಾರೋ. ಮೊಬೈಲಿನಲ್ಲಿ ವೀಡಿಯೊ ನೋಡಿ ಅದು ಹೇಳಿದ್ದನ್ನೆಲ್ಲ ಮಾಡಿದೆ. ಸದ್ದು ತೆಗೆಯುವ ಗುಂಡಿ ಒತ್ತಿದರೆ ಸಿಸ್ಟರ್‌ ಸ್ವರವೂ ನೀರಿನೊಳಗಿನಿಂದ ಬಂದ ಹಾಗಾಯಿತು. ಮತ್ತೆ ಹಾಡಿಸಿದೆ, ಮತ್ತೆ ದಬ್ ದಬ್. ನಡುವೆ ಅವರು ನೀರು ಕುಡಿಯಲು ಲೋಟ ಎತ್ತಿದಾಗ ಸದ್ದು ನಿಂತಿತು. ಆಗ ನೋಡಿದೆ. ಅವರ ಬಲಗೈ ಮೇಜನ್ನು ತಟ್ಟುತ್ತಿತ್ತು, ಮಗುವಿನ ಬೆನ್ನು ತಟ್ಟುವ ಹಾಗೆ. ಅವರ ಮಡಿಲಿನ ಮಕ್ಕಳನ್ನು ಅಷ್ಟು ವರ್ಷ ನೋಡಿದ್ದೆ, ಕೈಯನ್ನು ನೋಡಿರಲಿಲ್ಲ.

"ಕೈ ಆಡಿಸಬೇಡಿ, ಸಿಸ್ಟರ್" ಎಂದೆ.

ಅವರು ಎರಡೂ ಕೈಗಳನ್ನು ಕಟ್ಟಿಕೊಂಡು ಕುಳಿತರು. ಎರಡನೆಯ ಸಾಲಿಗೆ ಪದ ತಪ್ಪಿತು. ಮತ್ತೆ ಶುರು ಮಾಡಿದರು, ತುಳುವಿನ ಸಾಲು ಮಲಯಾಳಕ್ಕೆ ಹೋಗಿ ಸೇರಿತು. ಹುಡುಗಿಯ ಹಾಗೆ ನಾಲಗೆ ಕಚ್ಚಿಕೊಂಡರು. "ಕೈ ಇಲ್ಲದೆ ಪದ ಬರುದಿಲ್ಲ ಮಾರಾಯ್ರೆ" ಎಂದರು. ನನಗೆ ತಾಳ್ಮೆ ತಪ್ಪಿತ್ತು. "ಕೈಗೂ ಬಾಯಿಗೂ ಎಂತ ಸಂಬಂಧ? ಪ್ರಾಯ ಆಯ್ತು, ಮರೆತಿದೆ ಅಂತ ಹೇಳಿ" ಎಂದುಬಿಟ್ಟೆ.

ಅವರು ಕಟ್ಟಿಕೊಂಡಿದ್ದ ಕೈಗಳನ್ನು ನೋಡಿಕೊಂಡರು. ಆಮೇಲೆ, "ಹೌದಾ ಏನೋ" ಎಂದರು. ತಡವರಿಸುತ್ತ ಒಂದು ಜೋಗುಳವನ್ನು ಹೇಗೋ ಕೊನೆ ಮುಟ್ಟಿಸಿದರು. ಸದ್ದಿಲ್ಲದೆ, ಶುದ್ಧವಾಗಿ ಬಂತು. ಹೊರಡುವಾಗ ಬಾಗಿಲಲ್ಲಿ ತಿರುಗಿ ಕೇಳಿದರು: "ಮೊದಲು ಕೈ ತಟ್ಟಿಕೊಂಡು ಹಾಡಿದ್ದು ಉಂಟಲ್ಲ, ಅದು ಇರ್ಲಿ ಆಯ್ತಾ?"

ನಾನು ಅದನ್ನು ಆಗಲೇ ಅಳಿಸಿದ್ದೆ. ಉಳಿಸಬೇಕೇ ಎಂದು ಯಂತ್ರ ಕೇಳಿತ್ತು, ಬೇಡ ಎಂದು ಒತ್ತಿದ್ದೆ. ಕೈತಪ್ಪಿ ಒತ್ತಿದ್ದಲ್ಲ. ಮೈಕಿನವನ ಹೆಸರಿಗೆ ಅಂಥ ಸದ್ದಿನ ರೆಕಾರ್ಡಿಂಗ್ ಇರಬಾರದೆಂದು ಒತ್ತಿದ್ದು. ಹಾಗೆ ಹೇಳಬಹುದಿತ್ತು. "ಅದರಲ್ಲಿ ಸ್ವರವೇ ಬಂದಿಲ್ಲ ಸಿಸ್ಟರ್" ಎಂದೆ. ಯಾಕೆ ಹೇಳಿದೆನೆಂದು ಇಂದಿಗೂ ನನಗೆ ಸರಿಯಾಗಿ ಅರ್ಥವಾಗಿಲ್ಲ.

ಆಪರೇಷನ್ ಆಯಿತು. ಜೀವ ಉಳಿಯಿತು, ಸ್ವರ ಒಣ ಎಲೆ ಉಜ್ಜಿದ ಹಾಗಾಯಿತು. ಮಗಳು ಹೆತ್ತಳು, ಬಾಣಂತನಕ್ಕೆ ಬಂದಳು. ಮಗು ನೋಡಲು ಹೋದಾಗ ಸಿಸ್ಟರ್ ಅದನ್ನು ಬಟ್ಟೆ ಸುತ್ತಿ ಮಡಿಲಲ್ಲಿ ಮಲಗಿಸಿಕೊಂಡು ತಟ್ಟುತ್ತಿದ್ದರು. ತುಟಿ ಅಲುಗುತ್ತಿತ್ತು. ಎದುರಿಗೇ ಕುಳಿತಿದ್ದೆ, ತಟ್ಟುವ ಸದ್ದು ಒಂದಿಷ್ಟೂ ಕೇಳಲಿಲ್ಲ. ಅಷ್ಟೇ ಬೇಕಾಗಿದ್ದದ್ದು ಎಂದು ಆಗ ಹೊಳೆಯಿತು. ಮೇಜಿನಿಂದ ದೂರ ಕುಳ್ಳಿರಿಸಿ ಮಡಿಲಿಗೊಂದು ತಲೆದಿಂಬು ಕೊಟ್ಟಿದ್ದರೆ ಮುಗಿಯುತ್ತಿತ್ತು. ಅವರ ಕೈ ಅವರಿಗಿರುತ್ತಿತ್ತು, ಹಾಡು ಮಗುವಿಗಿರುತ್ತಿತ್ತು.

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಆ ಒಣಗಿದ ಸ್ವರದಲ್ಲಿ ಹೇಳಿದರು: "ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ. ನನಗೇ ಪದ ಮರೆತುಹೋಗಿತ್ತು. ಬೇಜಾರು ಮಾಡ್ಬೇಡಿ."

"ಅಡ್ಡಿಯಿಲ್ಲ ಸಿಸ್ಟರ್" ಎಂದೆ. ಅವರು ಕೇಳಿದ ಕ್ಷಮೆಯನ್ನು ನಾನು ದೊಡ್ಡ ಮನುಷ್ಯನ ಹಾಗೆ ಕೊಟ್ಟೆ.

ಆಮೇಲೆ ಯಾರಾದರೂ ಮಗು ತಂದರೆ, ಪದ ಮರೆತಿದೆ ಎಂದು ಅವರು ಕೈಯಿಂದ ಮಾತ್ರ ಮಲಗಿಸುತ್ತಿದ್ದರಂತೆ. ಸ್ವರ ಹೋಗಿದೆ ಎನ್ನುತ್ತಿರಲಿಲ್ಲ, ಮರೆತಿದೆ ಎನ್ನುತ್ತಿದ್ದರು. ನಾನು ಹೇಳಿದ ಮಾತನ್ನು ನಂಬಿಕೊಂಡೇ ಅವರು ತೀರಿಕೊಂಡರು.

ಸಿಸ್ಟರ್ ತೀರಿಕೊಂಡ ವರ್ಷಾಂತಿಕಕ್ಕೆ ಬಂದಿದ್ದ ಅವರ ಮಗಳು ಅಮ್ಮನ ಹಾಡು ಬೇಕೆಂದು ಕೇಳಿದಳು. ಉಳಿದಿದ್ದ ಒಂದನ್ನು ಹಾಕಿದೆ. ಪೂರ್ತಿ ಕೇಳಿ, "ಇದು ಅಮ್ಮನ ಹಾಗೆ ಇಲ್ಲವಲ್ಲ ಮಾವ. ಅಮ್ಮ ಹೀಗೆ ತಡವರಿಸ್ತಿರ್ಲಿಲ್ಲ" ಎಂದಳು. ಗಂಟು ದೊಡ್ಡದಾಗಿತ್ತಲ್ಲ, ಅದಕ್ಕೆ, ಎಂದೆ. ಅವಳು ನಂಬಿದಳು. ತಾಯಿಯ ಹಾಗೆಯೇ.

ಈ ಬರಹವನ್ನು ಮೊದಲು ಕಡಬಕ್ಕೆ, ಆ ಮಗಳಿಗೆ ಕಳಿಸುತ್ತೇನೆ. ನಿನ್ನ ಅಮ್ಮನಿಗೆ ಒಂದು ಪದವೂ ಮರೆತಿರಲಿಲ್ಲ, ನಾಲ್ಕೂ ಭಾಷೆಯಲ್ಲಿ ಹಾಡಿದ್ದನ್ನು ನಾನು ಕೇಳಿದ್ದೇನೆ, ಅಳಿಸಿದವನೂ ನಾನೇ ಎಂದು ಅವಳು ಓದಲಿ. ಅವಳಲ್ಲಿ ಕ್ಷಮೆ ಕೇಳಲು ಇನ್ನೂ ದಾರಿಯಿದೆ, ಬಸ್ಸಿದೆ. ದಾರಿಯಿದ್ದಾಗ, ನಡುವೆ ಒಂದು ಗೋಡೆ ಮಾತ್ರ ಇದ್ದಾಗ, ನಾನು ಕೇಳದೆ ಬಿಟ್ಟದ್ದು ನಿಮ್ಮಲ್ಲಿ, ಸಿಸ್ಟರ್.