ಲಕ್ಕಮ್ಮನ ಎಡಗೈ ನೂಲು

ಲಕ್ಕಮ್ಮ ಹುಟ್ಟಿನಿಂದಲೇ ಎಡಚಿ. ಅದೇನು ಅವಳು ಕೇಳಿ ಪಡೆದು ಬಂದದ್ದೇ? ನಂದಗುಡಿ ಕಡೆಯ ತವರಿನಲ್ಲಿ ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಅಪ್ಪ ಮುನಿಶಾಮಪ್ಪ ಕುರಿ ಕಾಯುತ್ತಲೇ ಮಗಳಿಗೊಂದು ಕದಿರು ಕೆತ್ತಿಕೊಟ್ಟಿದ್ದ. ಎಲ್ಲರ ಕದಿರಿನಂತೆ ಅದರ ಬುಡಕ್ಕೆ ಬಿಲ್ಲೆ ಇರಲಿಲ್ಲ. ಒಂದರೊಳಗೊಂದು ತೂರಿಸಿದ ಎರಡು ಅಡ್ಡಕಡ್ಡಿಗಳಿದ್ದವು. ನೂತದ್ದನ್ನು ಅವುಗಳ ಮೇಲೆ ಸುತ್ತುತ್ತ ಹೋಗಿ, ಕೊನೆಗೆ ಕಡ್ಡಿಗಳನ್ನು ಎಳೆದುಬಿಟ್ಟರೆ ಮುಗಿಯಿತು, ದುಂಡನೆಯ ನೂಲಿನ ಉಂಡೆ ಕೈಗೆ ಬರುತ್ತಿತ್ತು. ಮಂದೆಯ ಹಿಂದೆ ನಡೆಯುತ್ತ, ಎಡಗೈಯಲ್ಲಿ ಕದಿರಿಗೊಂದು ಚಿಟಿಕೆ ಕೊಟ್ಟು ಇಳಿಬಿಟ್ಟಳೆಂದರೆ ಅವಳಿಗೆ ಬಿಸಿಲೂ ಗೊತ್ತಾಗುತ್ತಿರಲಿಲ್ಲ.

ಜಡಿಗೇನಹಳ್ಳಿ ಹತ್ತಿರ ಕಂಬಳಿ ನೇಯುವ ಕುರುಬರ ಮನೆಗೆ ಸೊಸೆಯಾಗಿ ಬಂದಳು ನೋಡಿ, ಶುರುವಾಯಿತು ಪೀಕಲಾಟ. ಗಂಡ ಒಳ್ಳೆಯವನೇ, ಆದರೆ ಮಂದೆಯ ಜೊತೆ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಮನೆಯಲ್ಲಿ ಅತ್ತೆ ಅಮ್ಮಯಮ್ಮನದೇ ದರ್ಬಾರು. "ಲೇ ಎಡಚಿ, ಬಲಗೈ ಏನು ಅಡ ಇಟ್ಟಿದ್ದೀಯಾ?" ಎಂದು ಶುರುಮಾಡಿದರೆ ಹಟ್ಟಿಗೆಲ್ಲ ಕೇಳಬೇಕು.

ಯುದ್ಧದ ಕಾಲ ಅದು. ಕಂಬಳಿಯೆಲ್ಲ ಸೈನ್ಯಕ್ಕೆಂದು ಹೋಗಿ, ಉಣ್ಣೆ ಸಿಗುವುದೇ ಕಷ್ಟವಾಗಿತ್ತು. ಅದೇ ವರ್ಷ ಬೀರೇದೇವರ ಗದ್ದಿಗೆಗೆ ಹೊಸ ಕರಿಕಂಬಳಿ ಕೊಡುವ ಸರದಿ ಈ ಮನೆಗೆ ಬಂತು. ಇದ್ದಬದ್ದ ಕರಿ ಉಣ್ಣೆಯನ್ನು ಅತ್ತೆ ಅರ್ಧ ನೂತಳು, ಸೊಸೆ ಅರ್ಧ ನೂತಳು, ಅದೂ ಈ ಮನೆಗೆ ಬಂದಮೇಲೆ ಇದೇ ಮೊದಲು. ಮಾವ ಆವಲಪ್ಪ ಎರಡನ್ನೂ ಬೆರೆಸಿ ಮಗ್ಗಕ್ಕೆ ಉದ್ದೆಳೆಗಳ ಹಾಸು ಬಿಗಿಯತೊಡಗಿದ. ಎಳೆ ಮುಗಿದಲ್ಲಿ ಇನ್ನೊಂದು ಎಳೆಯನ್ನು ತೊಡೆಯ ಮೇಲಿಟ್ಟು ಹೊಸೆದು ಕೂಡಿಸುವುದು ಅವನ ಅಪ್ಪ, ಅಜ್ಜ ಎಲ್ಲ ಮಾಡಿಕೊಂಡು ಬಂದ ಕೆಲಸ. ಆದರೆ ಈ ಸಲ ಬಿಗಿದರೆ ಹರಿಯಿತು. ಮತ್ತೆ ಹೊಸೆದ, ಮತ್ತೆ ಹರಿಯಿತು.

"ಹರೀದೆ ಇನ್ನೇನಾದಾತು! ಎಡಗೈನಾಗೆ ನೂತಿದ್ದನ್ನ ದೇವ್ರೇ ಒಲ್ಲೆ ಅಂತಾವ್ನೆ!" ಅಮ್ಮಯಮ್ಮ ಕೂಗಾಡಿದಳು. "ಆ ಹಾಳು ಕದಿರನ್ನ ಮುರಿದು ಒಲೆಗಾಕ್ತೀನಿ. ಇನ್ಮೇಲೆ ನೀನು ಉಣ್ಣೆ ಮುಟ್ಟಿದ್ರೆ ಕೇಳು!"

ಅಪ್ಪ ಕೆತ್ತಿಕೊಟ್ಟ ಕದಿರು ಒಲೆಗೆ! ಲಕ್ಕಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ನೆತ್ತಿಗೇರಿತು. ಹೋಗಿ ಮಗ್ಗದ ಮುಂದೆ ಕೂತು, ಹರಿದ ತುದಿಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಅತ್ತೆಯ ನೂಲಿಗೆ ಅತ್ತೆಯ ನೂಲು ಕೂಡಿದ್ದಲ್ಲಿ ಹರಿದಿಲ್ಲ. ತನ್ನದಕ್ಕೆ ತನ್ನದು ಕೂಡಿದ್ದಲ್ಲೂ ಹರಿದಿಲ್ಲ. ಅವಳದೂ ತನ್ನದೂ ಸೇರಿದ ಕಡೆಯೇ ಎಲ್ಲ ಬಿಚ್ಚಿಕೊಂಡಿವೆ.

"ಮಾವ, ಇಲ್ನೋಡಿ. ಅತ್ತೆ ನೂಲು ಬಲಕ್ಕೆ ಹುರಿಗೊಂಡೈತೆ, ನಂದು ಎಡಕ್ಕೆ. ನೀವು ಹೊಸೆದಾಗ ಒಂದು ಬಿಗಿಯಾಗ್ತದೆ, ಇನ್ನೊಂದು ಬಿಚ್ಕೊಂತದೆ."

ಆವಲಪ್ಪ ತೊಡೆಯ ಮೇಲೆ ಹೊಸೆದು ನೋಡಿದ. ಹಣೆ ಚಚ್ಚಿಕೊಂಡ. "ಅಯ್ಯೋ ನನ್ನ ಬುದ್ಧಿಗಿಷ್ಟು! ಎಡಚರ ನೂಲು ನಮ್ಮನೆ ಮಗ್ಗ ಕಂಡಿದ್ರಲ್ವೇ ಗೊತ್ತಾಗಾಕೆ? ಹಂಗಾದ್ರೆ ಬೆರೆಸಾದೇ ಬೇಡ ಕಣಮ್ಮ. ಉದ್ದಕ್ಕೆ ಹಾಸು ಪೂರ್ತಿ ನಿಮ್ಮತ್ತೇದು, ಅಡ್ಡಕ್ಕೆ ಹೊಕ್ಕು ಪೂರ್ತಿ ನಿಂದು."

"ಎಡಗೈದು ದೇವ್ರ ಗದ್ದಿಗೆಗಾ?" ಅಮ್ಮಯಮ್ಮ ಬಿಡಬೇಕಲ್ಲ!

"ಪೂಜಾರಿ ಚಿಕ್ಕಬೀರಪ್ಪ ನೀರು ಹುಯ್ದು ನೋಡ್ತಾನಲ್ಲ. ನೀರು ನಿಂತ್ರೆ ದೇವ್ರು ಒಪ್ಪಿದಂಗೆ," ಅಂದ ಆವಲಪ್ಪ.

"ಸೋರ್ತೋ, ಕದಿರು ಒಲೆಗೆ!"

"ಆಗ್ಲಿ ಅತ್ತೆ," ಅಂದಳು ಲಕ್ಕಮ್ಮ. ಅಂದಮೇಲೆ ಕದಿರನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು, ಅದು ಬೇರೆ ಮಾತು.

ಈ ಸಲ ಒಂದೆಳೆಯೂ ಹರಿಯಲಿಲ್ಲ. ನೇಯ್ದದ್ದಕ್ಕೆ ಬಿಸಿನೀರು ಹೊಯ್ದು ತುಳಿದಾಗ, ಅತ್ತ ಹುರಿಯ ಹಾಸೂ ಇತ್ತ ಹುರಿಯ ಹೊಕ್ಕೂ ಒಂದನ್ನೊಂದು ಕಚ್ಚಿಕೊಂಡು ಕಂಬಳಿ ರೊಟ್ಟಿಯ ಹಾಗೆ ದಪ್ಪಗೆ ಕೂಡಿಕೊಂಡಿತು. ಆವಲಪ್ಪ ಅದನ್ನು ಸವರಿದ್ದೇ ಸವರಿದ್ದು.

ಗುಡಿಯ ಮುಂದೆ ನಾಲ್ವರು ನಾಲ್ಕು ಮೂಲೆ ಹಿಡಿದರು. ಚಿಕ್ಕಬೀರಪ್ಪ ಕೊಡ ಎತ್ತಿ ನಡುವಿಗೆ ನೀರು ಸುರಿದ. ಕಂಬಳಿ ಜೋತುಬಿತ್ತು. ಅಮ್ಮಯಮ್ಮ ಬಿಟ್ಟಾಳೆಯೇ? ಸೆರಗು ಸಿಕ್ಕಿಸಿಕೊಂಡು ಕಂಬಳಿಯ ಅಡಿಗೇ ನುಗ್ಗಿ, ಮುಖ ಮೇಲೆತ್ತಿ, ಎಲ್ಲಿ ತೊಟ್ಟಿಕ್ಕುತ್ತದೋ ಎಂದು ಕಾದು ಕೂತಳು. ಜನಕ್ಕೆ ನಗು.

ಒಂದು ಹನಿ ಬೀಳಲಿಲ್ಲ. ಅಮ್ಮಯಮ್ಮ ಅಂಗೈ ಒತ್ತಿ ನೋಡಿದಳು, ಕೆನ್ನೆ ಒತ್ತಿ ನೋಡಿದಳು, ಒಣಗಿದ್ದು ಒಣಗಿದಂತೆಯೇ ಇತ್ತು. ಇದ್ದಕ್ಕಿದ್ದಂತೆ ಕಂಬಳಿಯ ಅಡಿಯಿಂದಲೇ ಅವಳ ಕೂಗು ಬಂತು: "ಎಲ್ರೂ ಬಂದು ನೋಡ್ರಪ್ಪೋ! ಇಂಥಾ ಕಂಬಳಿ ಯಾರ ಮನ್ಯಾಗೈತೆ? ಹಾಸು ನಂದು, ಹೊಕ್ಕು ನಮ್ಮ ಎಡಚೀದು!"

ಜನ ಹೋ ಎಂದರು. ಆವಲಪ್ಪ ಕಣ್ಣೊರೆಸಿಕೊಂಡ. ಗದ್ದಿಗೆಗೆ ಕಂಬಳಿ ಹಾಸಿ ಬಂದ ಚಿಕ್ಕಬೀರಪ್ಪ, ನೂತವರಿಗೆ ಮೊದಲು ಎಂದು ಭಂಡಾರದ, ಅಂದರೆ ದೇವರ ಅರಿಸಿನದ ತಟ್ಟೆ ಹಿಡಿದ. ಲಕ್ಕಮ್ಮ ತಲೆ ಬಗ್ಗಿಸಿ, ರೂಢಿಯಂತೆ ಬಲಗೈ ಮುಂದೆ ಮಾಡಿದಳು.

ಅಮ್ಮಯಮ್ಮ ಪಟ್ಟನೆ ಆ ಕೈಗೊಂದು ಏಟು ಕೊಟ್ಟಳು. "ಇದೇನು ನೂತಿತ್ತೇನೆ? ನೂತ ಕೈ ಚಾಚು!"

ಲಕ್ಕಮ್ಮ ಎಡಗೈ ಚಾಚಿದಳು. ಚಿಕ್ಕಬೀರಪ್ಪ ಒಂದು ಗಳಿಗೆ ತಡೆದ. ಆಮೇಲೆ ನಕ್ಕು, ಆ ಅಂಗೈ ತುಂಬಿ ಚೆಲ್ಲುವಷ್ಟು ಭಂಡಾರ ಸುರಿದ.