ಹದ್ದಿಗೊಂದು ಕುಬಸ

ನಮ್ಮ ಮನೆಯ ಮಸಿಬಟ್ಟೆ ಕಳುವಾಯಿತು. ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬಾಣಲೆಯ ಕಿವಿ ಹಿಡಿದೂ ಹಿಡಿದೂ ತನ್ನ ಮೂಲವರ್ಣವನ್ನೇ ಮರೆತಿದ್ದ, ಅಲ್ಲಲ್ಲಿ ಸುಟ್ಟು ತೂತಾಗಿದ್ದ, ಅರಿಸಿನದ ಕಲೆಗಳಿಂದ ಭೂಪಟದಂತಾಗಿದ್ದ ಆ ವಸ್ತ್ರಖಂಡವನ್ನು ಕದಿಯುವಷ್ಟು ದರಿದ್ರರು ಈ ಭೂಮಂಡಲದಲ್ಲಿ ಎಲ್ಲಿಯೂ ಇರಲಾರರು, ಸ್ವೀಡನ್ನಿನಲ್ಲಂತೂ ಇರಲಾರರು ಎಂಬುದು ನನಗೂ ಗೊತ್ತು. ಇಲ್ಲಿ ದಾರಿಯಲ್ಲಿ ಬಿದ್ದ ಒಂಟಿ ಕೈಗವಸನ್ನು ಕೂಡ ಯಾರೋ ಎತ್ತಿ ಪಕ್ಕದ ಬೇಲಿಯ ಗೂಟಕ್ಕೆ ತೊಡಿಸಿ ಹೋಗುತ್ತಾರೆ. ಅದು ಐದೂ ಬೆರಳು ಚಾಚಿಕೊಂಡು ತನ್ನ ಒಡೆಯನಿಗಾಗಿ ವಾರಗಟ್ಟಲೆ ಕಾಯುತ್ತದೆ. ಅಂಥ ನಾಡಿನಲ್ಲಿ, ಮೂರನೆಯ ಮಹಡಿಯ ಬಾಲ್ಕನಿಯ ಕಂಬಿಯ ಮೇಲೆ ಒಣಹಾಕಿದ್ದ ಮಸಿಬಟ್ಟೆ ಮಾಯವಾದಾಗ ನಾನು ಮೊದಲು ಗಾಳಿಯನ್ನು ಅನುಮಾನಿಸಿದೆ, ಆಮೇಲೆ ಯಜಮಾನರನ್ನು. ಅವರು ಆ ಬಟ್ಟೆಯನ್ನು ಕಸಕ್ಕೆ ಹಾಕಲು ಬಹುಕಾಲದಿಂದ ಹವಣಿಸುತ್ತಿದ್ದರು.

ಮರುದಿನ ಇನ್ನೊಂದು ಬಟ್ಟೆಯನ್ನು ಅದೇ ಜಾಗದಲ್ಲಿ ಹಾಕಿ, ಕಾಫಿ ಲೋಟ ಹಿಡಿದು ಗಾಜಿನ ಬಾಗಿಲ ಹಿಂದೆ ಪತ್ತೇದಾರಳಂತೆ ನಿಂತೆ. ಕಾಫಿ ಆರುವ ಮೊದಲೇ ಕಳ್ಳ ಬಂದ. ತಾಮ್ರದ ಬಣ್ಣದ ಮೈ, ಬೂದುಬಿಳುಪಿನ ತಲೆ, ಕತ್ತರಿಯಂತೆ ಸೀಳಿದ ಬಾಲ. ಬಾಲ್ಕನಿಯನ್ನೇ ಒಂದು ಕ್ಷಣ ಕತ್ತಲಾಗಿಸಿದ ರೆಕ್ಕೆಗಳು. ಕೂರಲಿಲ್ಲ, ನಿಲ್ಲಲಿಲ್ಲ, ತೇಲುತ್ತ ಬಂದು, ಕಾಲಿನಿಂದ ಬಟ್ಟೆಯನ್ನು ಸೆಳೆದುಕೊಂಡು ಹೋಗಿಯೇಬಿಟ್ಟಿತು. ನಾನು ಕೂಗಲಿಲ್ಲ. ಲೋಟವನ್ನು ಕೆಳಗಿಟ್ಟು ಕೈಮುಗಿದೆ.

ಅದು ನನ್ನ ತಪ್ಪಲ್ಲ, ನಮ್ಮಜ್ಜಿಯ ಶಿಕ್ಷಣ. ಮೈಸೂರಿನ ತಾರಸಿಯ ಮೇಲೆ ಸಂಡಿಗೆ ಹಾಕುತ್ತಿರುವಾಗ ಆಕಾಶದಲ್ಲಿ ಗರುಡ ಕಂಡರೆ ಸಾಕು, ಅಜ್ಜಿ ಹಿಟ್ಟಿನ ಕೈಯಿಂದಲೇ ಗಲ್ಲ ಗಲ್ಲ ಬಡಿದುಕೊಂಡು ‘ಕೃಷ್ಣ ಕೃಷ್ಣ’ ಎನ್ನುತ್ತಿದ್ದರು. ಆ ದಿನವೆಲ್ಲ ಅವರ ಕೆನ್ನೆಯ ಮೇಲೆ ಒಣಗಿದ ಅಕ್ಕಿಹಿಟ್ಟಿನ ಮುದ್ರೆಗಳಿರುತ್ತಿದ್ದವು. ನನ್ನ ಭಾಷೆ, ನನ್ನ ಅಡುಗೆ, ನನ್ನ ಮೂಢನಂಬಿಕೆ ಎಲ್ಲವೂ ಅವರಿಂದ ಬಂದ ಸ್ಥಿರಾಸ್ತಿ.

ಯಜಮಾನರು ಸಂಜೆ ಕೋಪನ್‌ಹೇಗನ್ನಿನ ಕಚೇರಿಯಿಂದ ಕಡಲ ಸೇತುವೆ ದಾಟಿ ಬಂದವರು, ಕೋಟು ಬಿಚ್ಚುವ ಮೊದಲೇ ತೀರ್ಪು ಕೊಟ್ಟರು. “ಅದು ಗರುಡ ಅಲ್ಲ ಕಣೇ. ಈ ಕಡೆಯ ಕೆಂಪು ಹದ್ದು. ಫೋನಲ್ಲಿ ನೋಡಿದೆ, ದಕ್ಷಿಣ ಸ್ವೀಡನ್ ತುಂಬ ಇವೇ ಇವೆ.”

“ಇಲ್ಲಿಯ ಗರುಡ ಇಲ್ಲಿಯ ಬಣ್ಣಕ್ಕೆ ತಿರುಗಿರತ್ತೆ. ನೀವು ಇಲ್ಲಿಗೆ ಬಂದ ಮೇಲೆ ಬೆಳ್ಳಗಾಗ್ಲಿಲ್ವಾ?” ಎಂದೆ. ಪಕ್ಷಿಶಾಸ್ತ್ರದ ಚರ್ಚೆ ಅಲ್ಲಿಗೆ ಮುಕ್ತಾಯವಾಯಿತು.

ನಾವಿರುವುದು ಮಾಲ್ಮೋ ನಗರದ ಹೊರಗೆ, ನಿನ್ನೆ ಮೊನ್ನೆಯವರೆಗೆ ಹೊಲವಾಗಿದ್ದ ಬಯಲಿನಲ್ಲಿ ಎದ್ದ ಹೊಸ ವಸತಿ ಸಮುಚ್ಚಯದಲ್ಲಿ. ಎರಡು ಕಟ್ಟಡಗಳು ಮುಗಿದು ಜನ ತುಂಬಿದ್ದಾರೆ. ಮೂರನೆಯದು ಏಳಬೇಕಾದ ಜಾಗದ ಅಂಚಿನಲ್ಲಿ ಬೀಚ್ ಎಂಬ ಜಾತಿಯ ಹಳೆಯ ಮರಗಳ ಪುಟ್ಟ ತೋಪು. ಅದರ ಅತ್ಯುನ್ನತ ಮರದ ಕವಲಿನಲ್ಲಿ ಗೂಡು. ಗೂಡಿನಲ್ಲಿ ನಮ್ಮ ಮಸಿಬಟ್ಟೆ. ಬಾಲ್ಕನಿಯಿಂದ ದುರ್ಬೀನು ಹಿಡಿದರೆ ಅದರ ಅರಿಸಿನದ ಕಲೆಯವರೆಗೂ ಕಾಣುತ್ತಿತ್ತು. ಗೂಡು ಕಂಡಿದ್ದೇ ತಡ, ಕೊಮ್ಮೂನ್ ಎಂಬ ಇಲ್ಲಿಯ ನಗರಾಡಳಿತ ತೋಪಿನ ಸುತ್ತ ಬೇಲಿ ಹಾಕಿಸಿ, ಮರಿಗಳು ಹಾರಿಹೋಗುವವರೆಗೆ ಮೂರನೆಯ ಕಟ್ಟಡದ ಬುನಾದಿ ಕೆಲಸವನ್ನು ನಿಲ್ಲಿಸಿಬಿಟ್ಟಿತು. ಪಕ್ಕದಲ್ಲೇ ನಿಂತಿದ್ದ ಎತ್ತರದ ಕ್ರೇನು ಮದುವೆ ನಿಂತುಹೋದ ಮನೆಯ ಚಪ್ಪರದ ಹಾಗೆ ಸುಮ್ಮನೆ ನಿಂತಿತು.

ನನಗಾದ ಅಚ್ಚರಿ ಅಷ್ಟಿಷ್ಟಲ್ಲ. ನನಗಿಂತ ಹೆಚ್ಚು ದಂಗಾದವಳು ಮಂಗಳಾ. ಅವಳು ನಮ್ಮ ಕೆಳಮನೆಯಲ್ಲಿ ಬಾಡಿಗೆಗಿದ್ದಾಳೆ, ಹುಬ್ಬಳ್ಳಿಯವಳು. ಆ ಮೂರನೆಯ ಕಟ್ಟಡದಲ್ಲೇ ಅವಳೂ ಅವಳ ಗಂಡನೂ ಮನೆ ಕಾದಿರಿಸಿದ್ದರು. ಕನ್ನಡದವರ ಗುಂಪಿನಲ್ಲಿ ಅಚ್ಚುಕಟ್ಟಾಗಿ ಬೆಂಗಳೂರಿನ ಮಾತಾಡುವ ಮಂಗಳಾಗೆ ಆಘಾತವಾದರೆ ಮಾತ್ರ ಊರು ನೆನಪಾಗುತ್ತದೆ.

“ಅಕ್ಕಾ, ಒಂದು ಹದ್ದಿನ ಬಾಣಂತನಕ್ಕ ನಮ್ಮನಿ ಕಟ್ಟೂದು ನಿಲ್ಲಿಸ್ಯಾರಂತ! ಊರಿಗೆ ಫೋನ್ ಮಾಡಿ ಹೇಳಿದ್ರ ನಮ್ಮತ್ತಿ ನಂಬಲಿಲ್ಲ. ರೊಕ್ಕ ಸಾಲಲಿಲ್ಲೇನು, ಖರೇ ಹೇಳು ಅಂತಾರ.”

ಯುಗಾದಿ ಬಂತು. ಹೊಸ ಮನೆಯ ಮೊದಲ ಹಬ್ಬ. ಮಾವಿನ ಸೊಪ್ಪು ಸಿಗದ ದೇಶದಲ್ಲಿ ನಮ್ಮಂಥವರ ಮಾನ ಕಾಪಾಡುವುದು ಚಿಕ್ಕಪೇಟೆಯಿಂದ ಪೆಟ್ಟಿಗೆಯ ತಳದಲ್ಲಿ ಮಡಿಸಿ ತಂದ ಪ್ಲಾಸ್ಟಿಕ್ಕಿನ ಹಸಿರು ತೋರಣ, ನೈಲಾನ್ ದಾರದಲ್ಲಿ ಪೋಣಿಸಿದ ಬಟ್ಟೆಯ ಚೆಂಡುಹೂವಿನ ಮಾಲೆ. ಬಾಡುವುದಿಲ್ಲ, ಉದುರುವುದಿಲ್ಲ, ವರ್ಷಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ವಸಂತ. ಬಾಲ್ಕನಿಯ ಬಾಗಿಲಿಗೆ ಎರಡನ್ನೂ ಕಟ್ಟಿ, ಬೇವಿಲ್ಲದ ಬರಿ ಬೆಲ್ಲವನ್ನು ಮಂಗಳಾಗೆ ಕೊಡುತ್ತಿದ್ದೆ, ಅಷ್ಟರಲ್ಲಿ ಹೊರಗೆ ಆ ನೆರಳು. ಚೆಂಡುಹೂವಿನ ಮಾಲೆ ಗಾಳಿಯಲ್ಲಿ ಬಾಲದಂತೆ ಬಳುಕುತ್ತ ತೋಪಿನ ಕಡೆ ಹೋಯಿತು.

ಮಂಗಳಾ ಬೆಲ್ಲವನ್ನು ಬಾಯಲ್ಲೇ ಇಟ್ಟುಕೊಂಡು ನಿಂತಳು. “ಅಕ್ಕಾ… ಅದು ಗೃಹಪ್ರವೇಶಕ್ಕ ತೋರಣ ಒಯ್ತು!”

ಆ ಕ್ಷಣದಿಂದ ಅವಳ ವೈರ ಕರಗಿಹೋಯಿತು. ಹಕ್ಕಿ ಮೊಟ್ಟೆಯಿಡುವ ಹೊತ್ತು ಎಂದು ತಿಳಿದ ಮೇಲಂತೂ ಅವಳ ತಾಯ್ತನದ ಕಟ್ಟೆಯೇ ಒಡೆಯಿತು. ನಮ್ಮ ಕಡೆ ಸೀಮಂತ ಎನ್ನುತ್ತೇವೆ; ಅವರ ಕಡೆ ಚೊಚ್ಚಲ ಬಸುರಿಗೆ ಹಸಿರು ಸೀರೆ, ಹಸಿರು ಕುಪ್ಪಸ ಉಡಿಸಿ, ಉಡಿ ತುಂಬಿ ಮಾಡುವ ಆ ಸಡಗರಕ್ಕೆ ಕುಬಸ ಎಂದು ಹೆಸರು. “ತವರಮನಿ ದೂರ ಇದ್ದಾಕಿ, ನಾವ ಮಾಡೋಣ್ರಿ” ಎಂದಳು. ಆ ಹದ್ದಿನ ತವರು ಇಲ್ಲಿಯೇ, ತವರು ದೂರವಿರುವುದು ನಮಗೆ ಎಂದು ಹೇಳುವ ವಿವೇಕ ನನಗಿರಲಿಲ್ಲ, ಇದ್ದರೂ ಹೇಳುತ್ತಿರಲಿಲ್ಲ. ಇಬ್ಬರೂ ಕೂತು ಹಸಿರು ಖಣದ ರವಿಕೆ ಬಟ್ಟೆಯನ್ನು ನೀಳವಾಗಿ ಕತ್ತರಿಸಿದೆವು. ಹಳೆಯ ಸೀರೆಯ ಜರಿಯಂಚು ಬಿಡಿಸಿದೆವು. ಅವಳ ಮನೆಯಲ್ಲಿದ್ದ ಇನ್ನೆರಡು ಮಾಲೆಗಳನ್ನು ತಂದೆವು. ದಿನಕ್ಕೊಂದರಂತೆ ಕಂಬಿಯ ಮೇಲೆ ಇಟ್ಟೆವು, ದಿನಕ್ಕೊಂದರಂತೆ ಸ್ವೀಕೃತವಾದವು. ಬಾಗಿಲಿಗೆ ಕಟ್ಟಿದ್ದ ಪ್ಲಾಸ್ಟಿಕ್ ತೋರಣವೂ ಹೋಯಿತು. ಇಷ್ಟು ಪ್ರಾಂಜಲವಾಗಿ ಉಡುಗೊರೆ ಒಪ್ಪಿಕೊಂಡವರನ್ನು ನಾನು ನೆಂಟರಲ್ಲಿಯೂ ಕಂಡಿಲ್ಲ.

ಮೇ ತಿಂಗಳಲ್ಲಿ ಮರಿಗಳಾದವು. ಆ ಹೊತ್ತಿಗೆ ನಾನು ಪಕ್ಷಿಪ್ರೇಮಿ ಎಂಬ ಬಿರುದನ್ನು ನನಗೆ ನಾನೇ ಕೊಟ್ಟುಕೊಂಡಿದ್ದೆ. ಪಕ್ಷಿಪ್ರೇಮಿಗೆ ಒಬ್ಬ ಪಕ್ಷಿದ್ರೋಹಿ ಬೇಕಲ್ಲ? ಕಟ್ಟಡದವರ ಕಡೆಯಿಂದ ಹಾರಿಬಂದ ಪ್ಲಾಸ್ಟಿಕ್ ಹಾಳೆಯೊಂದು ಬೇಲಿಗೆ ಸಿಕ್ಕಿಕೊಂಡಿದ್ದು ಕಂಡು ನನಗೆ ಧರ್ಮಕ್ರೋಧ ಉಕ್ಕಿತು. ಯಜಮಾನರಿಂದ ಸ್ವೀಡಿಷ್ ತಿದ್ದಿಸಿ ಕೊಮ್ಮೂನಿಗೆ ಪತ್ರ ಬರೆದೆ: ಕಟ್ಟಡದವರ ಕಸದಿಂದ ಈ ಮೂಕಜೀವಿಗಳಿಗೆ ಅಪಾಯವಿದೆ. ಕೆಳಗೆ ನನ್ನ ಸಹಿ, ಮಂಗಳಾಳ ಸಹಿ, ಇನ್ನೂ ಎಂಟು ಹತ್ತು ಮನೆಗಳ ಸಹಿ. ಕೆಲಸದ ಮೇಲ್ವಿಚಾರಕ ಮಾಗ್ನುಸ್, ಗೋಧಿ ಬಣ್ಣದ ಗಡ್ಡದ ಮಿತಭಾಷಿ, ದಿನವೂ ಸಂಜೆ ಕೋಲು ಹಿಡಿದು ಬೇಲಿಯುದ್ದಕ್ಕೂ ಕಸ ಹೆಕ್ಕುವುದನ್ನು ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ತೋರಿಕೆಗೆ ಮಾಡುತ್ತಿದ್ದಾನೆ ಅಂದುಕೊಂಡೆ.

ಜೂನ್ ನಡುವೆ ಬೆಂಗ್ಟ್ ಬಂದರು. ನಿವೃತ್ತ ಶಾಲಾ ಮೇಷ್ಟ್ರು. ಅನುಮತಿ ಪಡೆದು ಮರ ಹತ್ತಿ, ಹದ್ದಿನ ಮರಿಗಳ ಕಾಲಿಗೆ ಗುರುತಿನ ಉಂಗುರ ತೊಡಿಸುವುದು ಅವರ ಎಷ್ಟೋ ವರ್ಷಗಳ ವ್ರತ. ನಮ್ಮ ಪತ್ರದ ಸುದ್ದಿ ಅವರಿಗೆ ತಿಳಿದಿತ್ತು. ಹಕ್ಕಿಗಳ ಬಗ್ಗೆ ಇಷ್ಟು ಕಾಳಜಿ ಇರುವವರು ನೋಡಲೇಬೇಕು ಎಂದು ನನ್ನನ್ನೂ ಮಂಗಳಾಳನ್ನೂ ಬೇಲಿಯೊಳಕ್ಕೆ ಕರೆದರು. ಗಣ್ಯ ಅತಿಥಿಗಳಂತೆ ಹೋಗಿ ನಿಂತೆವು. ಮಾಗ್ನುಸ್ ಕೂಡ ಹಗ್ಗ ಹಿಡಿಯಲು ಬಂದಿದ್ದ. ನಾನು ಅವನತ್ತ ನೋಡಲಿಲ್ಲ.

ತಂದೆತಾಯಿ ಹದ್ದುಗಳು ನೆತ್ತಿಯ ಮೇಲೆ ಸಿಳ್ಳೆ ಹಾಕಿದಂತೆ ಕೂಗುತ್ತ ಸುತ್ತುತ್ತಿರುವಾಗ, ಬೆಂಗ್ಟ್ ಮರಿಗಳನ್ನು ಚೀಲದಲ್ಲಿಟ್ಟು ಹಗ್ಗದಿಂದ ಇಳಿಸಿ, ತಾವೂ ಇಳಿದರು. ಹುಲ್ಲಿನ ಮೇಲೆ ಮೊದಲ ಮರಿಯನ್ನು ಮಲಗಿಸಿದರು. ಕತ್ತು ಚಾಚಿ, ರೆಕ್ಕೆ ಚೆಲ್ಲಿ, ಕದಲದೆ ಬಿದ್ದಿತ್ತು.

“ಅಯ್ಯೋ ಶಿವನ, ಸತ್ತಹೋತೇನ್ರೀ!” ಮಂಗಳಾ ನನ್ನ ತೋಳು ಹಿಡಿದಳು.

ಬೆಂಗ್ಟ್‌ಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು. “ನಟನೆ” ಎಂದು ನಕ್ಕರು. “ಶತ್ರು ಬಂದರೆ ಈ ಮರಿಗಳು ಸತ್ತಂತೆ ಬೀಳುತ್ತವೆ.”

ಶತ್ರು! ನಾವೇ? ಕುಬಸ ಮಾಡಿದವರೇ? ನನಗೆ ಸ್ವಲ್ಪ ಅವಮಾನವೇ ಆಯಿತು. ಆಗ ಅವರು ಎರಡನೆಯ ಮರಿಯನ್ನು ಎತ್ತಿದರು, ನಗು ನಿಂತಿತು. ಅದರ ಬಲಗಾಲಿಗೆ ದಾರ ಸುತ್ತಿ ಸುತ್ತಿ ಮಾಂಸದೊಳಗೆ ಇಳಿದಿತ್ತು. ಹಳದಿಯಾಗಿರಬೇಕಾದ ಪಾದ ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತ್ತು.

“ಇನ್ನೆರಡು ದಿನ ತಡವಾಗಿದ್ದರೆ ಪಾದ ಕಳಚಿಹೋಗುತ್ತಿತ್ತು. ಪಾದವಿಲ್ಲದಿದ್ದರೆ ಇದು ಬದುಕಲಾರದು. ಹಿಡಿದುಕೊಳ್ಳುತ್ತೀರಾ?” ಎಂದು ನನ್ನ ಕಡೆ ಚಾಚಿದರು.

ಹಿಡಿದುಕೊಂಡೆ. ಸತ್ತಂತೆ ನಟಿಸುತ್ತಿದ್ದ ಆ ಜೀವದ ಎದೆ ನನ್ನ ಅಂಗೈಯೊಳಗೆ ಓಡುತ್ತಿದ್ದ ಓಟವನ್ನು ಹೇಗೆ ವರ್ಣಿಸಲಿ? ಬೆಂಗ್ಟ್ ಸಣ್ಣ ಕತ್ತರಿಯ ಮೂತಿಯನ್ನು ದಾರದಡಿ ತೂರಿಸಿದರು. ದಾರದ ತುದಿಯಲ್ಲಿ ಏನೋ ಅಂಟಿಕೊಂಡಿತ್ತು, ಮಣ್ಣು ಮೆತ್ತಿದ್ದರೂ ಬಣ್ಣ ಕಾಣುತ್ತಿತ್ತು. ಕಿತ್ತಳೆ. ಬಟ್ಟೆಯ ಚೆಂಡುಹೂವಿನ ಒಂದು ಎಸಳು.

ಬಾಡುವುದಿಲ್ಲ, ಉದುರುವುದಿಲ್ಲ ಎಂದು ನಾನೇ ಹೊಗಳಿದ್ದ ಹೂವು.

ಅಷ್ಟರಲ್ಲಿ ಮಾಗ್ನುಸ್ ಹೆಲ್ಮೆಟ್ ತೆಗೆದು ಎದೆಗೊತ್ತಿ ಹಿಡಿದುಕೊಂಡ. “ನಮ್ಮ ಸಾಮಾನು ಕಟ್ಟುವ ದಾರವಿರಬೇಕು. ಎಷ್ಟು ಹೆಕ್ಕಿದರೂ ಒಂದೆರಡು ಕಣ್ತಪ್ಪುತ್ತವೆ. ಕ್ಷಮಿಸಿ,” ಎಂದ. ಬೆಂಗ್ಟ್‌ಗೆ ಹೇಳಿದನೋ, ನನಗೋ, ಮರಿಗೋ ತಿಳಿಯಲಿಲ್ಲ.

ಮಂಗಳಾ ನನ್ನ ಕಿವಿಗೆ ಬಾಯಿ ತಂದಳು. ಅವಳಿಗೂ ಎಸಳು ಕಂಡಿತ್ತು. “ಅಕ್ಕಾ, ಸುಮ್ಮನಿರ್ರಿ. ದಾರ ತಗದಾತಲ್ಲ, ಇನ್ನ ಹೇಳಿ ಏನುಪಯೋಗ?”

ಓದುಗರೇ, ಒಂದು ನಿಮಿಷ ಸುಮ್ಮನಿದ್ದೆ. ಪತ್ರದ ಕೆಳಗಿನ ನನ್ನ ಸಹಿ, ಅದರ ಬಾಲದ ಅಲಂಕಾರದ ಸಮೇತ ಕಣ್ಣ ಮುಂದೆ ಬಂತು. ನಾನು ಸುಮ್ಮನಿದ್ದರೆ ಪಕ್ಷಿಪ್ರೇಮಿಯಾಗಿಯೇ ಉಳಿಯುತ್ತಿದ್ದೆ. ಬೆಂಗ್ಟ್ ಮರಿಗಳನ್ನು ಚೀಲಕ್ಕೆ ಹಾಕತೊಡಗಿದರು. ಮತ್ತೆ ಅದೇ ಗೂಡಿಗೆ, ಇನ್ನೆರಡು ಮಾಲೆಗಳ ಮೇಲಕ್ಕೆ.

“ಅದು ನಮ್ಮದು,” ಎಂದೆ. ಯಾವ ಭಾಷೆಯಲ್ಲಿ ಎಂದು ನೆನಪಿಲ್ಲ. ಕನ್ನಡದಲ್ಲೇ ಇರಬೇಕು, ಏಕೆಂದರೆ ಇನ್ನೊಮ್ಮೆ ಹೇಳಬೇಕಾಯಿತು. “ದಾರ ನಮ್ಮದು. ನಾವೇ ಕೊಟ್ಟದ್ದು. ಹಬ್ಬಕ್ಕೆ.”

ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಬೆಂಗ್ಟ್ ಬೈಯಲಿಲ್ಲ. ಮೇಷ್ಟ್ರ ದನಿಯಲ್ಲಿ ಕೇಳಿದ್ದು ಒಂದೇ: “ಇನ್ನೂ ಏನೇನು ಕೊಟ್ಟಿದ್ದೀರಿ? ಒಂದೂ ಬಿಡದೆ ಹೇಳಿ.”

ಹೇಳಿದೆ. ಮೂರು ಮಾಲೆ. ಒಂದು ತೋರಣ. ಹಸಿರು ಖಣದ ಐದು ಚೂರು. ಜರಿಯಂಚು ಎರಡು. ಬೀಗರಿಗೆ ಕೊಟ್ಟ ಉಡುಗೊರೆಗಳ ಪಟ್ಟಿ ಒಪ್ಪಿಸಿದಂತೆ ಆ ತೋಪಿನಲ್ಲಿ ನಿಂತು ನನ್ನ ಅಪರಾಧಗಳನ್ನು ಒಪ್ಪಿಸಿದೆ. ಮುಗಿಯಿತು ಎನ್ನುವಾಗ ಪಕ್ಕದಿಂದ ಸಣ್ಣ ದನಿ ಬಂತು. “ಕುಚ್ಚು ಕಟ್ಟೋ ರೇಷ್ಮಿ ದಾರದ ಉಂಡಿ ಒಂದು… ಹೋದ ಐತವಾರ ಇಟ್ಟಿದ್ದೆ ಅಕ್ಕಾ. ನಿಮಗ ಹೇಳಿರಲಿಲ್ಲ.” ಮಂಗಳಾ ಅಳುತ್ತಿದ್ದಳು.

ಬೆಂಗ್ಟ್ ಮತ್ತೆ ಮರ ಹತ್ತಿದರು. ಮೇಲಿನಿಂದ ಒಂದೊಂದೇ ಬೀಳತೊಡಗಿತು: ಬಿಸಿಲಿಗೆ ಬಿಳಿಚಿದ ಖಣ, ಹಿಕ್ಕೆ ಮೆತ್ತಿದ ಜರಿ, ತೋರಣ, ಒಂದು ಮಾಲೆ, ಮರಿಯ ಕಾಲಿನಿಂದ ಬಿಡಿಸಿದ ಮಾಲೆಯ ಉಳಿದರ್ಧ, ದಾರದ ಉಂಡೆ. ಮಾಗ್ನುಸ್ ಹಗ್ಗ ಹಿಡಿದಿದ್ದ. ನಾವಿಬ್ಬರೂ ಮಂಡಿಯೂರಿ ಹೆಕ್ಕುತ್ತಿದ್ದೆವು. “ಇನ್ನೊಂದು ಮಾಲೆ ಇರಬೇಕು!” ಎಂದು ನಾನು ಕೂಗಿದೆ. ಗೂಡಿನ ತಳದಲ್ಲಿ, ಕಡ್ಡಿಗಳೊಳಗೆ ಹೆಣೆದುಹೋಗಿದ್ದ ಅದನ್ನು ಕತ್ತರಿಸಿ ತೆಗೆಯಲು ಬಹಳ ಹೊತ್ತು ಹಿಡಿಯಿತು. ಆಮೇಲೆಯೇ ಮರಿಗಳನ್ನು ಮತ್ತೆ ಗೂಡಿಗೆ ಏರಿಸಿದ್ದು. ಹಕ್ಕಿ ಅದನ್ನು ಪ್ರೀತಿಯಿಂದಲೇ ನೇಯ್ದಿತ್ತು. ನಾವೂ ಪ್ರೀತಿಯಿಂದಲೇ ಕೊಟ್ಟಿದ್ದೆವು. ಪ್ರೀತಿಗೆ ಕಣ್ಣು ಬೇಕಿತ್ತು. ನಾವು ದುರ್ಬೀನು ಹಿಡಿದು ನಮ್ಮ ಉಡುಗೊರೆಯನ್ನೇ ನೋಡುತ್ತ ಕೂತಿದ್ದೆವು.

ಆ ರಾತ್ರಿಯೇ ಕೊಮ್ಮೂನಿಗೆ ಎರಡನೆಯ ಪತ್ರ ಬರೆದೆ: ದಾರ ಕಟ್ಟಡದವರದಲ್ಲ, ನಮ್ಮದು. ಸ್ವೀಡಿಷ್ ತಿದ್ದಿಸಲಿಲ್ಲ, ತಪ್ಪುಗಳೆಲ್ಲ ನನ್ನವೇ ಆಗಿರಲಿ ಎನ್ನಿಸಿತು.

ಜುಲೈನಲ್ಲಿ ಮೊದಲ ಮರಿ ಹಾರಿತು. ಎರಡನೆಯದು ಗೂಡಿನ ಅಂಚಿನಲ್ಲಿ ಎಡಗಾಲಿನ ಮೇಲೆ ನಿಂತೇ ಇತ್ತು. ರೆಕ್ಕೆ ಬಿಚ್ಚುವುದು, ಬಲಗಾಲನ್ನು ಊರಲು ನೋಡುವುದು, ವಾಲುವುದು, ಮತ್ತೆ ಮಡಚುವುದು. ಮಂಗಳಾ ಬೆಳಿಗ್ಗೆ ಬೆಳಿಗ್ಗೆ ಬಂದು ದುರ್ಬೀನಿಗೆ ಕೈಚಾಚುತ್ತಿದ್ದಳು. ಹೀಗೆ ಎಂಟೊಂಬತ್ತು ದಿನ. ನಿನ್ನೆ ರಾತ್ರಿ ಬಿರುಗಾಳಿ. ಇಂದು ಬೆಳಿಗ್ಗೆ ನೋಡಿದರೆ ಗೂಡು ಖಾಲಿ, ಕೊಂಬೆ ಖಾಲಿ, ಆಕಾಶವೂ ಖಾಲಿ. ಹಾರಿತೋ, ಬಿತ್ತೋ?

ಬೆಂಗ್ಟ್‌ಗೆ ಫೋನ್ ಮಾಡಿದೆ. ಸೈಕಲ್ಲಿನಲ್ಲಿ ಬಂದರು. ನಾವು ಬೇಲಿಯ ಹೊರಗೆ ಕಂಬಿ ಹಿಡಿದು ನಿಂತೆವು. ಅವರು ಮರದ ಬುಡದಲ್ಲಿ ಎದೆಯುದ್ದ ಬೆಳೆದ ತುರುಚೆ ಗಿಡಗಳನ್ನು ಕೋಲಿನಿಂದ ಸರಿಸುತ್ತ ಬಗ್ಗಿದರು, ಕಾಣದಾದರು, ಎದ್ದರು, ಇನ್ನೊಂದು ಕಡೆ ಬಗ್ಗಿದರು. ಅಷ್ಟು ದೀರ್ಘವಾಗಿ ಯಾರಾದರೂ ಹುಡುಕುವುದನ್ನು, ಸಿಗದಿರಲಿ ಎಂದು ಬೇಡಿಕೊಳ್ಳುತ್ತ ನಾನು ಎಂದೂ ನೋಡಿರಲಿಲ್ಲ. ಕೊನೆಗೆ ಗಿಡಗಳ ನಡುವಿನಿಂದ ಮೇಷ್ಟ್ರ ನರೆತ ತಲೆ ಮೇಲೆದ್ದಿತು. ಬೆಂಗ್ಟ್ ನಮ್ಮ ಕಡೆ ತಿರುಗಿ, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಖಾಲಿ ಕೈಗಳನ್ನು ಎತ್ತಿ ತೋರಿಸಿದರು.