ತಂಗಿ ಕೈ ಹಚ್ಚಬ್ಯಾಡ ಎಂದ ಬೂಟು

ಮೂರು ವರ್ಷದ ಹಿಂದೆ, ದೀಪಾವಳಿ ಮುಗಿದ ಮೇಲಿನ ಮಾತು. ಆಗಲೂ ಈಗಿನಂತೆ ರಾಣೆಬೆನ್ನೂರಿನ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ, ಬೂಟು ರಿಪೇರಿ ಮಾಡಿಕೊಂಡಿದ್ದೆ. ನಾನು ಓದಿದ್ದು ಏಳನೇ ಇಯತ್ತೆ. ಅಪ್ಪ ಹೋದ ಮೇಲೆ ಅವನ ರಂಪಿಗೆ, ಅಂದರೆ ತೊಗಲು ಕೊರೆಯುವ ಉಳಿ, ನನ್ನ ಕೈಗೆ ಬಂತು.

ಹೊಸ ಚಪ್ಪಲಿ ಕಚ್ಚುತ್ತದೆ ಎಂದು ಗುತ್ತಲ, ಕರ್ಜಗಿಯಿಂದಲೂ ಮಂದಿ ನನ್ನ ಹತ್ತಿರ ಬರುತ್ತಾರೆ. ಚಪ್ಪಲಿಗೆ ಹರಳೆಣ್ಣೆ ಸವರುತ್ತೇನೆ. ಬೂಟಾದರೆ ನೆನೆಸಿದ ಕಡಲೆಯನ್ನು ಬಟ್ಟೆಯ ಚೀಲದಲ್ಲಿ ತುಂಬಿ ಒಳಗೆ ತುರುಕುತ್ತೇನೆ. ಕಡಲೆ ಉಬ್ಬಿದ ಹಾಗೆ ತೊಗಲು ಹಿಗ್ಗುತ್ತದೆ. ಕಾಲು ನೋಯಿಸುವ ಬೂಟು ಕೆಟ್ಟ ಬೂಟು. ನನಗೆ ಗೊತ್ತಿದ್ದ ವಿದ್ಯೆ ಅಷ್ಟೇ. ಅದರ ಮೇಲೆ ಭಾರಿ ನಂಬಿಕೆ ಇತ್ತು.

ತಂಗಿ ಸವಿತಾ ಹಾವೇರಿಯಲ್ಲಿ ಕಾಲೇಜು ಓದುವಾಗ ಹಿಮಾಚಲದ ಸಾಹಸ ಶಿಬಿರಕ್ಕೆ ಹೋಗಿ ಸ್ಕೀ ಕಲಿತಳು. ಕಾಲಿಗೆ ಉದ್ದನೆಯ ಹಲಗೆ ಸಿಕ್ಕಿಸಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ ಅದು. ಮತ್ತೆ ಎರಡು ಚಳಿಗಾಲ ಹೋಗಿ ಬಂದಳು. ಉಳಿದ ತಿಂಗಳು ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ತೂಕದ ಕೆಲಸ. ಆ ವರ್ಷ ಹಿಮಾಚಲದ ತರಬೇತಿ ಕೇಂದ್ರವೊಂದು ಸ್ಕೀ ಕಲಿಸುವ ಕೆಲಸಕ್ಕೆ ಅವಳನ್ನು ಪರೀಕ್ಷೆಗೆ ಕರೆಯಿತು. ಅಲ್ಲಿಯವರೆಗೆ ಬಾಡಿಗೆ ಬೂಟಿನಲ್ಲಿ ಆಡಿದವಳು, ಈ ಸಲ ಸ್ವಂತದ್ದೇ ಬೇಕೆಂದು ಹೊಸ ಜೋಡಿ ತರಿಸಿದಳು.

ಅಂಥ ಬೂಟು ನಾನು ಕಂಡಿರಲಿಲ್ಲ. ಹೊರಗೆ ಕಲ್ಲಿನಂಥ ಪ್ಲಾಸ್ಟಿಕ್ ಕವಚ, ಅದಕ್ಕೆ ಕಬ್ಬಿಣದ ಬಕಲ್‌ಗಳು. ಒಳಗೆ ಸ್ಪಂಜಿನ ದಪ್ಪ ಕಾಲುಚೀಲದಂಥದ್ದು, ಬೇಕಾದಾಗ ಹೊರಗೆ ಎಳೆಯಬಹುದು. ಅದಕ್ಕೆ ಲೈನರ್ ಎನ್ನುತ್ತಾರೆ. ಕೆಲಸದಿಂದ ಬಂದವಳೇ ಅದನ್ನು ಹಾಕಿಕೊಂಡು, ತಗಡಿನ ಸೂರಿನ ಸೆಕೆಯಲ್ಲಿ ಬೆವರುತ್ತ ಪಡಸಾಲೆ ತುಂಬ ಅಡ್ಡಾಡುತ್ತಿದ್ದಳು. ಮಗ್ಗಲು ಮನೆಯ ಗಿರಿಜಕ್ಕ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

"ಏನ ಸವಿತಾ, ಚಂದ್ರನ ಮ್ಯಾಲ ಹೊಂಟೀ ಏನ?"

"ಹೌದ್ರಿ ಅಕ್ಕಾರ. ನಿಮಗೂ ಒಂದು ಸೀಟ ಹಿಡೀಲೇನ್ರಿ?"

ಬೂಟು ಬಿಚ್ಚಿದಾಗ ಮಾತ್ರ ಅವಳಿಗೆ ನಗು ಬರುತ್ತಿರಲಿಲ್ಲ. ಹರಡಿನ, ಅಂದರೆ ಪಾದದ ಗಿಣ್ಣಿನ, ಎಲುಬಿನ ಸುತ್ತ ಕೆಂಪಗೆ ಬರೆ, ಹೆಬ್ಬೆರಳಿನ ಉಗುರು ಕಪ್ಪು. ಅವ್ವ ಬಿಸಿನೀರಿನ ಬೋಗುಣಿ ತಂದಿಟ್ಟು ನನ್ನ ಮೇಲೆ ಹರಿಹಾಯ್ದಳು. "ಊರ ಮಂದಿ ಚಪ್ಪಲಿ ಸಡಿಲ ಮಾಡ್ತಿ, ಒಡಹುಟ್ಟಿದಾಕಿದು ಮಾಡಾಕ ಬರೂದಿಲ್ಲೇನ ನಿನಗ?"

ನಾನು ಬೂಟಿಗೆ ಕೈ ಹಾಕಿದೆ. ಸವಿತಾ ತಟ್ಟನೆ ಕಸಿದುಕೊಂಡಳು.

"ಅಣ್ಣಾ, ಇದಕ್ಕ ಮಾತ್ರ ಕೈ ಹಚ್ಚಬ್ಯಾಡ. ನೆಟ್ಟಗ ನಿಂತ್ರ ಬೆರಳು ಮುಂದ ಮುಟ್ಟಬೇಕು, ಮೊಣಕಾಲ ಬಗ್ಗಿಸಿದ್ರ ಹಿಂದ ಸರೀಬೇಕು. ಹಿಮ್ಮಡ ಅಂತೂ ಮ್ಯಾಲ ಏಳಾಕಽ ಬಾರದು. ದಿನಾ ಹಾಕ್ಕೊಂಡ್ರ ಲೈನರ್ ತಾನಽ ನನ್ನ ಕಾಲಿನಂಗ ಆಗ್ತೈತಿ."

"ರಕ್ತ ಬರೂಮಟ ಕಾಯ್ತೀ ಏನ?"

"ಬರಲಿ ಬಿಡು. ಕಾಲ ನನ್ನದು."

ನನಗೆ ಅವಮಾನವಾದಂತಾಯಿತು. ಮರುದಿನ ಮಾಡಿದ್ದನ್ನು ಅವಳ ನೋವು ನೋಡಲಾರದೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಸತ್ಯ. ಬೂಟಿನ ವಿಷಯದಲ್ಲಿ ಅವಳು ನನಗೆ ಪಾಠ ಹೇಳಿದ್ದನ್ನು ಸಹಿಸಲಾಗಲಿಲ್ಲ.

ಮರುದಿನ ಅವಳು ಬ್ಯಾಡಗಿಯ ಬಸ್ಸು ಹತ್ತಿದ ಮೇಲೆ ಲೈನರ್‌ಗಳನ್ನು ಎಳೆದುಕೊಂಡು ಅಂಗಡಿಗೆ ಹೋದೆ. ಹಿಮ್ಮಡದ ಹತ್ತಿರ ಹೊಲಿಗೆ ಬಿಚ್ಚಿ, ಹರಡಿನ ಎರಡೂ ಕಡೆಯ ಸ್ಪಂಜನ್ನು ರಂಪಿಗೆಯಿಂದ ತೆಳ್ಳಗೆ ಸವರಿ ತೆಗೆದೆ. ಮತ್ತೆ ಅದೇ ತೂತುಗಳಲ್ಲಿ ಹೊಲಿದೆ. ಕೆಲಸ ಎಷ್ಟು ಚೊಕ್ಕಟವಾಗಿತ್ತೆಂದರೆ, ನನಗೇ ಹೆಮ್ಮೆ ಎನಿಸಿತು.

ಸಂಜೆ ಸವಿತಾ ಬೂಟು ಹಾಕಿಕೊಂಡು ಎರಡು ಹೆಜ್ಜೆ ಇಟ್ಟು ನೋಡಿದಳು. ಆಮೇಲೆ ಅದೇ ಬೂಟಿನಲ್ಲಿ ಧಡಧಡ ಕುಣಿದಳು. "ಅಣ್ಣಾ, ಪಳಗೇತಿ ನೋಡು! ನಾ ಹೇಳಿರಲಿಲ್ಲೇನ? ಸ್ವಲ್ಪ ತಡಕೋಬೇಕು ಅಷ್ಟ!"

ಹೇಳಬೇಕಾದ ಹೊತ್ತು ಅದು. ಆಗ ಹೇಳಿದ್ದರೆ ಹೊಸ ಲೈನರ್ ತರಿಸಲು ದಿನಗಳಿದ್ದವು. ನಾನು ನಕ್ಕೆ, ಅಷ್ಟೇ. ಅವ್ವನೂ ನಕ್ಕಳು.

ಪರೀಕ್ಷೆಯ ದಿನ ಹಿಮಾಚಲದಿಂದ ಫೋನ್ ಬಂತು. ಕಡಿದಾದ ಇಳಿಜಾರಿನಲ್ಲಿ ತಿರುಗುವಾಗ ಬಿದ್ದಿದ್ದಾಳೆ, ಎಡಗಾಲಿನ ಮೊಣಕಾಲಿನ ಲಿಗಮೆಂಟ್, ಅಂದರೆ ಎಲುಬುಗಳನ್ನು ಹಿಡಿದಿಡುವ ನಾರು, ಹರಿದಿದೆ ಎಂದರು. ಕೆಲಸ ಬೇರೆಯವರ ಪಾಲಾಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಹಾಸಿಗೆಯ ಮೇಲೆ ಮಲಗಿಕೊಂಡೇ ಅವಳು ಹೇಳಿದಳು: "ಬೂಟಿನ್ಯಾಗ ಹಿಮ್ಮಡ ಏಳಾಕತ್ತಿತ್ತಣ್ಣಾ. ಬಕಲ್ ಕಡೀ ಹಲ್ಲಿನಮಟ ಬಿಗಿದೆ, ಆದ್ರೂ ನಿಲ್ಲಲಿಲ್ಲ. ಕಾಲ ತಿರುಗಿತು, ಹಲಗಿ ತಡಾ ಮಾಡಿ ತಿರುಗಿತು. ಸೈಜು ನಾನಽ ತಪ್ಪು ಹೇಳಿ ತರಿಸೇನಿ ಕಾಣ್ತೈತಿ."

ಆಗಲೂ ನಾನು ಬಾಯಿ ಬಿಡಲಿಲ್ಲ. ಹಣ್ಣು ಹೆಚ್ಚಿ ಕೊಟ್ಟೆ.

ಅವಳು ಕೋಲು ಬಿಟ್ಟು ನಡೆಯುವಷ್ಟಾದ ಮೇಲೆ ಒಂದು ದಿನ ಬೂಟುಗಳನ್ನು ಒರೆಸುತ್ತ ಕುಳಿತಿದ್ದಳು. ಕಾಗಿನೆಲೆ ಕಡೆಯ ಹುಡುಗಿಯೊಬ್ಬಳು ಅದೇ ಶಿಬಿರಕ್ಕೆ ಹೊರಟಿದ್ದಾಳೆ, ಅವಳ ಕಾಲು ಸ್ವಲ್ಪ ದೊಡ್ಡದು, ಅವಳಿಗೆ ಸರಿಯಾದೀತು ಎಂದಳು.

"ಆಕಿಗೆ ಕೊಡಬ್ಯಾಡ. ಸೈಜು ತಪ್ಪಿಲ್ಲ. ಲೈನರ್ ನಾ ಕೊರದೇನಿ."

ಸವಿತಾ ಲೈನರ್ ಎಳೆದು ತಿರುವಿ ನೋಡಿದಳು. ನನ್ನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು.

"ಕೊರದಿದ್ದು ಹೋಗಲಿ," ಎಂದಳು ಕೊನೆಗೆ. "ಅವತ್ತ ನಾ ಕುಣಿಯೂವಾಗ ನೀ ನಕ್ಕಿಯಲ್ಲಾ, ಅದು ಹೋಗೂದಿಲ್ಲ."

ಈಗ ಯಾರಾದರೂ ಬೂಟು ತಂದು ಸಡಿಲ ಮಾಡಿಕೊಡು ಎಂದರೆ, ಇದನ್ನು ಹಾಕಿಕೊಂಡು ಏನು ಮಾಡುವವರು ಎಂದು ಮೊದಲು ಕೇಳುತ್ತೇನೆ. ನೋವೆಲ್ಲ ತೆಗೆಯುವಂಥದ್ದಲ್ಲ, ತೆಗೆಯುವ ಮೊದಲು ಕಾಲಿನವರನ್ನು ಕೇಳಬೇಕು ಎಂಬುದನ್ನು ಕಸುಬು ನನಗೆ ತಡವಾಗಿ ಕಲಿಸಿತು. ಗಿರಾಕಿಗಳು ಮೆಚ್ಚುತ್ತಾರೆ.

ಸವಿತಾ ಮತ್ತೆ ಬ್ಯಾಡಗಿಯ ಅಂಗಡಿಗೆ ಹೋಗುತ್ತಾಳೆ. ನನ್ನೊಡನೆ ಮಾತಾಡುತ್ತಾಳೆ, ಊಟಕ್ಕೆ ಬಡಿಸುತ್ತಾಳೆ. ಚಪ್ಪಲಿಯ ಪಟ್ಟಿ ಕಿತ್ತರೆ ಮಾತ್ರ ಅಲ್ಲಿಯೇ ಯಾರ ಕಡೆಯಿಂದಲೋ ಹೊಲಿಸಿಕೊಂಡು ಬರುತ್ತಾಳೆ. ಹೊಸ್ತಿಲ ಹೊರಗೆ ಬಿಟ್ಟ ಅವಳ ಚಪ್ಪಲಿ ದಿನವೂ ಕಣ್ಣಿಗೆ ಬೀಳುತ್ತದೆ. ಒರಟು ಹೊಲಿಗೆ, ನಾನಾದರೆ ಇನ್ನೂ ಚೊಕ್ಕಟವಾಗಿ ಹಾಕುತ್ತಿದ್ದೆ. ಅದನ್ನು ದಾಟಿಕೊಂಡು ಒಳಗೆ ಹೋಗುತ್ತೇನೆ.